ಕ್ರೂಸ್ ಬುಕಿಂಗ್: ನೇರವಾಗಿ ಕಂಪನಿಯಲ್ಲೋ, ಟ್ರಾವೆಲ್ ಏಜೆಂಟ್ ಮೂಲಕವೋ?

ಮೊದಲ ಬಾರಿಗೆ ಕ್ರೂಸ್ ಪ್ರಯಾಣಕ್ಕೆ ಹೊರಡುವವರು ಹಡಗು, ಮಾರ್ಗ ಮತ್ತು ದಿನಾಂಕಗಳನ್ನು ಆರಿಸಲು ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಬುಕಿಂಗ್ ಎಲ್ಲಿ ಮಾಡಬೇಕೆಂಬುದನ್ನು ಮಾತ್ರ ಕೊನೆಯ ಗಳಿಗೆಯಲ್ಲಿ ತೀರ್ಮಾನಿಸಿಬಿಡುತ್ತಾರೆ. ಹಡಗು ಕಂಪನಿಯ ವೆಬ್‌ಸೈಟ್ ತೋರಿಸುವ ದರವೂ ಟ್ರಾವೆಲ್ ಏಜೆಂಟ್ ಹೇಳುವ ದರವೂ ಹೆಚ್ಚಾಗಿ ಒಂದೇ ಆಗಿರುವುದರಿಂದ, ಎಲ್ಲಿ ಮಾಡಿದರೇನು ಎಂದು ಅನ್ನಿಸುವುದು ಸಹಜ. ಆದರೆ ಬುಕಿಂಗ್ ಆದ ಮೇಲೆ ಅದನ್ನು ಬದಲಿಸುವ ಅಧಿಕಾರ ಯಾರ ಕೈಯಲ್ಲಿರುತ್ತದೆ ಮತ್ತು ಕಟ್ಟಿದ ಹಣ ಯಾರ ಖಾತೆಗೆ ಸೇರುತ್ತದೆ ಎಂಬ ಎರಡು ವಿಷಯಗಳಲ್ಲಿ ಈ ಎರಡು ದಾರಿಗಳು ಸ್ಪಷ್ಟವಾಗಿ ಬೇರೆಯಾಗುತ್ತವೆ. ಮುಂಗಡ ಕಟ್ಟಿ ಕೆಲವು ವಾರ ಕಳೆದ ಬಳಿಕ ಒಂದು ದಾರಿಯಿಂದ ಇನ್ನೊಂದಕ್ಕೆ ಹೊರಳುವುದು ಸುಲಭವಲ್ಲವಾದ್ದರಿಂದ, ಈ ವ್ಯತ್ಯಾಸವನ್ನು ಹಣ ಕಟ್ಟುವ ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು.

ಎರಡು ದಾರಿಗಳು ಯಾವುವು?

ಪ್ರಯಾಣಿಕರು ಹಡಗು ಕಂಪನಿಯ ವೆಬ್‌ಸೈಟ್, ಆಪ್ ಅಥವಾ ಫೋನ್ ಮೂಲಕ ತಾವೇ ಕ್ಯಾಬಿನ್ ಕಾಯ್ದಿರಿಸುವುದನ್ನು ನೇರ ಬುಕಿಂಗ್ ಎನ್ನುತ್ತಾರೆ. ಫೋನಿನಲ್ಲಿ ಉತ್ತರಿಸುವವರು ಕಂಪನಿಯ ಮಾರಾಟ ಸಿಬ್ಬಂದಿ. ತಮ್ಮ ಹಡಗುಗಳ ಬಗ್ಗೆ ಅವರಿಗೆ ಚೆನ್ನಾಗಿ ತಿಳಿದಿರಬಹುದು, ಆದರೆ ಬೇರೆ ಕಂಪನಿಯ ಹಡಗು ನಿಮಗೆ ಹೆಚ್ಚು ಹೊಂದುತ್ತದೆ ಎಂದು ಹೇಳುವುದು ಅವರ ಕೆಲಸವಲ್ಲ. ಪ್ರಿನ್ಸೆಸ್, ಹಾಲೆಂಡ್ ಅಮೆರಿಕ, ಕ್ಯುನಾರ್ಡ್, ಕೋಸ್ಟಾ ಎಂಬ ಹಡಗು ಕಂಪನಿಗಳೆಲ್ಲವೂ ಕಾರ್ನಿವಲ್ ಕಾರ್ಪೊರೇಷನ್ ಎಂಬ ಒಂದೇ ಸಂಸ್ಥೆಗೆ ಸೇರಿದವು. ಆದರೂ ಪ್ರತಿಯೊಂದೂ ತನ್ನದೇ ನಿಯಮ, ತನ್ನದೇ ಮಾರಾಟ ವಿಭಾಗವನ್ನು ಇಟ್ಟುಕೊಂಡಿದೆ.

ಟ್ರಾವೆಲ್ ಏಜೆಂಟರಲ್ಲಿ ಹಲವು ಬಗೆಯವರಿದ್ದಾರೆ. ಒಬ್ಬರೇ ಮನೆಯಿಂದ ಕೆಲಸ ಮಾಡುವವರು, ಕಚೇರಿ ಇಟ್ಟುಕೊಂಡಿರುವ ಏಜೆನ್ಸಿಗಳು, ಆನ್‌ಲೈನ್‌ನಲ್ಲಿ ಮಾತ್ರ ಮಾರುವ ದೊಡ್ಡ ಸಂಸ್ಥೆಗಳು, ವರ್ಚುವೊಸೊದಂತಹ ಒಕ್ಕೂಟಗಳ ಸದಸ್ಯರು ಹೀಗೆ. 1975ರಲ್ಲಿ ಸ್ಥಾಪನೆಯಾದ ಕ್ರೂಸ್ ಲೈನ್ಸ್ ಇಂಟರ್‌ನ್ಯಾಷನಲ್ ಅಸೋಸಿಯೇಷನ್ ಹಡಗು ಕಂಪನಿಗಳ ಸಂಘಟನೆಯಾದರೂ ಏಜೆಂಟರಿಗೆ ತರಬೇತಿ ನೀಡಿ ಪ್ರಮಾಣಪತ್ರವನ್ನೂ ಕೊಡುತ್ತದೆ. ಇವರೆಲ್ಲರೂ ಮಾರುವುದು ಅದೇ ಹಡಗಿನ ಅದೇ ಕ್ಯಾಬಿನ್‌ಗಳನ್ನು. ಕಂಪನಿಯ ಕಂಪ್ಯೂಟರಿನಲ್ಲಿ ಯಾವ ಕ್ಯಾಬಿನ್ ಖಾಲಿ ಇದೆಯೋ ಅದೇ ಏಜೆಂಟರ ಪರದೆಯಲ್ಲೂ ಕಾಣಿಸುತ್ತದೆ.

ಮಧ್ಯವರ್ತಿ ಇದ್ದರೂ ದರ ಏಕೆ ಹೆಚ್ಚುವುದಿಲ್ಲ?

ಮಧ್ಯದಲ್ಲಿ ಒಬ್ಬರಿದ್ದರೆ ಅವರ ಪಾಲು ನಮ್ಮ ಜೇಬಿನಿಂದಲೇ ಹೋಗುತ್ತದೆ ಎಂಬ ಅನುಮಾನ ಹಲವರಿಗಿದೆ. ಕ್ರೂಸ್ ವ್ಯವಹಾರದಲ್ಲಿ ಏಜೆಂಟರ ಕಮಿಷನ್ ಕೊಡುವುದು ಹಡಗು ಕಂಪನಿ, ಮತ್ತು ಆ ಖರ್ಚು ಪ್ರಕಟಿತ ದರದೊಳಗೇ ಸೇರಿರುತ್ತದೆ. ನೇರವಾಗಿ ಬುಕ್ ಮಾಡಿದವರಿಗೆ ಕಂಪನಿ ಆ ಭಾಗವನ್ನು ಕಳೆದು ಕೊಡುವುದಿಲ್ಲ. ವೆಬ್‌ಸೈಟಿನಲ್ಲಿ ಕಡಿಮೆ ದರ ತೋರಿಸಿದರೆ ತನಗೆ ಪ್ರಯಾಣಿಕರನ್ನು ತಂದುಕೊಡುವ ಸಾವಿರಾರು ಏಜೆಂಟರೊಂದಿಗೆ ತಾನೇ ಪೈಪೋಟಿಗೆ ಇಳಿದಂತಾಗುತ್ತದೆ ಎಂಬುದು ಇದಕ್ಕೆ ಕಾರಣ.

ಕಮಿಷನ್ ಲೆಕ್ಕ ಹಾಕುವ ಕ್ರಮವನ್ನು ತಿಳಿದರೆ ಇನ್ನೂ ಹಲವು ಸಂಗತಿಗಳು ಅರ್ಥವಾಗುತ್ತವೆ. ಕ್ರೂಸ್ ಬಿಲ್ಲಿನಲ್ಲಿ ಮೂಲ ಪ್ರಯಾಣ ದರ, ಸರ್ಕಾರಿ ತೆರಿಗೆ ಹಾಗೂ ಬಂದರು ಶುಲ್ಕ, ಹಡಗಿನ ಸಿಬ್ಬಂದಿಗೆ ದಿನದ ಲೆಕ್ಕದಲ್ಲಿ ಸೇರಿಸುವ ಟಿಪ್ಸ್ ಮುಂತಾದ ಭಾಗಗಳಿರುತ್ತವೆ. ಮೂಲ ದರದಲ್ಲೇ ಒಂದಂಶವನ್ನು ಕಂಪನಿಗಳು ಕಮಿಷನ್‌ಗೆ ಸೇರದ ಮೊತ್ತವೆಂದು ಬೇರ್ಪಡಿಸುತ್ತವೆ. ಉಳಿದದ್ದರ ಮೇಲೆ ಸಾಮಾನ್ಯವಾಗಿ ಶೇ 10ರಿಂದ ಕಮಿಷನ್ ಶುರುವಾಗಿ, ಹೆಚ್ಚು ಮಾರಾಟ ಮಾಡುವ ಏಜೆನ್ಸಿಗಳಿಗೆ ಅದಕ್ಕಿಂತ ಮೇಲೆ ಹೋಗುತ್ತದೆ. ಲೆಕ್ಕಕ್ಕಾಗಿ ಒಟ್ಟು ಬಿಲ್ಲನ್ನು 100 ಎಂದುಕೊಳ್ಳೋಣ. ಅದರಲ್ಲಿ 30 ಕಮಿಷನ್ ಇಲ್ಲದ ಭಾಗವಾದರೆ, ಉಳಿದ 70ರ ಮೇಲೆ ಶೇ 10ರಂತೆ ಏಜೆನ್ಸಿಗೆ ಸಿಗುವುದು 7 ಮಾತ್ರ. ಅದೂ ಕೈಗೆ ಬರುವುದು ಬುಕಿಂಗ್ ದಿನವಲ್ಲ. ಪ್ರಯಾಣಿಕರು ಪೂರ್ತಿ ಹಣ ಕಟ್ಟಿದ ಬಳಿಕ, ಎಷ್ಟೋ ತಿಂಗಳುಗಳ ನಂತರ. ಇಷ್ಟು ಕಡಿಮೆ ಪಾಲಿಗೆ ವೀಸಾ, ವಿಮಾನ, ಹೋಟೆಲ್ ಎಲ್ಲವನ್ನೂ ಹೊಂದಿಸಿಕೊಡಬೇಕಾದಾಗ ಕೆಲವು ಏಜೆಂಟರು ಪ್ರತ್ಯೇಕ ಸೇವಾ ಶುಲ್ಕ ಕೇಳುತ್ತಾರೆ. ಕೇಳುವುದು ತಪ್ಪಲ್ಲ, ಆದರೆ ಅದನ್ನು ಮೊದಲೇ ಬಾಯಿಬಿಟ್ಟು ಹೇಳಬೇಕು.

ಹಾಗಾದರೆ ಏಜೆಂಟರ ಬಳಿ ಕೆಲವೊಮ್ಮೆ ನಿಜಕ್ಕೂ ಕಡಿಮೆಗೆ ಸಿಗುವುದು ಹೇಗೆ? ಇದಕ್ಕೆ ಮುಖ್ಯವಾಗಿ ಎರಡು ಕಾರಣಗಳಿವೆ. ಪ್ರಕಟಿತ ದರಕ್ಕಿಂತ ಕಡಿಮೆ ದರದ ಜಾಹೀರಾತು ಕೊಡಬಾರದೆಂದು ಹಲವು ಕಂಪನಿಗಳು ಏಜೆನ್ಸಿಗಳಿಗೆ ಷರತ್ತು ಹಾಕಿರುವುದರಿಂದ, ಏಜೆನ್ಸಿಗಳು ತಮ್ಮ ಕಮಿಷನ್ನಿನ ಒಂದು ಪಾಲನ್ನು ಆನ್‌ಬೋರ್ಡ್ ಕ್ರೆಡಿಟ್ ರೂಪದಲ್ಲಿ ಪ್ರಯಾಣಿಕರಿಗೆ ಬಿಟ್ಟುಕೊಡುತ್ತವೆ. ಹಡಗಿನೊಳಗೆ ಖರ್ಚು ಮಾಡಲು ನಿಮ್ಮ ಖಾತೆಗೆ ಮೊದಲೇ ಜಮಾ ಮಾಡುವ ಹಣವೇ ಆನ್‌ಬೋರ್ಡ್ ಕ್ರೆಡಿಟ್. ಖರ್ಚಾಗದೆ ಉಳಿದದ್ದು ಹಿಂತಿರುಗುತ್ತದೆಯೋ ಇಲ್ಲವೋ ಎಂಬುದು ಅದರ ಬಗೆಯನ್ನು ಅವಲಂಬಿಸಿದೆ.

ಇನ್ನೊಂದು ಕಾರಣ ಗ್ರೂಪ್ ದರ. ಏಜೆನ್ಸಿಯು ಪ್ರಯಾಣದ ದಿನಾಂಕಕ್ಕಿಂತ ಬಹಳ ಮುಂಚೆಯೇ ಒಂದಷ್ಟು ಕ್ಯಾಬಿನ್‌ಗಳನ್ನು ಆ ದಿನದ ದರಕ್ಕೆ ಹಿಡಿದಿಡುತ್ತದೆ. ಆಮೇಲೆ ಸಾರ್ವಜನಿಕ ದರ ಏರಿದರೂ ಆ ಕ್ಯಾಬಿನ್‌ಗಳು ಹಳೆಯ ದರದಲ್ಲೇ ಮಾರಾಟಕ್ಕೆ ಸಿಗುತ್ತವೆ. ಗ್ರೂಪ್‌ನಲ್ಲಿ ನಿಗದಿತ ಸಂಖ್ಯೆಯ ಜನ, ಹಲವೆಡೆ 16 ಮಂದಿ, ತುಂಬಿದರೆ ಕಂಪನಿ ಒಬ್ಬರ ದರದಷ್ಟು ರಿಯಾಯಿತಿಯನ್ನು ಏಜೆನ್ಸಿಗೆ ಕೊಡುತ್ತದೆ. ಉದಾರ ಏಜೆನ್ಸಿಗಳು ಅದರಲ್ಲೂ ಪಾಲು ಹಂಚುತ್ತವೆ. ಗ್ರೂಪ್ ಎಂಬ ಹೆಸರಿಗೆ ಹೆದರಬೇಕಾಗಿಲ್ಲ. ಅಪರಿಚಿತರೊಂದಿಗೆ ಊಟಕ್ಕೆ ಕೂರಬೇಕೆಂಬ, ಒಟ್ಟಿಗೆ ತಿರುಗಬೇಕೆಂಬ ಕಟ್ಟುಪಾಡು ಇದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅದು ಲೆಕ್ಕದ ಪುಸ್ತಕದಲ್ಲಿ ಮಾತ್ರ ಇರುವ ಗುಂಪು. ಕಂಪನಿಯ ಸದಸ್ಯತ್ವದ ಅಂಕಗಳು ಯಾವ ದಾರಿಯಲ್ಲಿ ಬುಕ್ ಮಾಡಿದರೂ ಒಂದೇ ರೀತಿ ಸೇರುತ್ತವೆ.

ಬುಕಿಂಗ್ ಯಾರ ಕೈಯಲ್ಲಿರುತ್ತದೆ?

ಮೊದಲ ಸಲ ಹೋಗುವವರು ಹೆಚ್ಚಾಗಿ ಎಡವುವುದು ಇಲ್ಲಿ. ಏಜೆಂಟ್ ಮೂಲಕ ಬುಕ್ ಮಾಡಿದ ಕ್ಷಣದಿಂದ ಕಂಪನಿಯ ದಾಖಲೆಯಲ್ಲಿ ಆ ಬುಕಿಂಗ್ ಏಜೆನ್ಸಿಯ ಹೆಸರಿನಲ್ಲಿರುತ್ತದೆ. ವಕೀಲರಿಗೆ ವಕಾಲತ್ತು ಬರೆದುಕೊಟ್ಟ ಮೇಲೆ ನ್ಯಾಯಾಲಯ ಹೇಗೆ ವಕೀಲರ ಮೂಲಕವೇ ವ್ಯವಹರಿಸುತ್ತದೆಯೋ ಹಾಗೆ, ಕಂಪನಿಯೂ ಇನ್ನು ಮುಂದೆ ಏಜೆಂಟರೊಂದಿಗೇ ಮಾತನಾಡುತ್ತದೆ. ಕ್ಯಾಬಿನ್ ಬದಲಾವಣೆ, ಹೆಸರಿನ ತಿದ್ದುಪಡಿ, ಹೆಚ್ಚುವರಿ ಪ್ರಯಾಣಿಕರ ಸೇರ್ಪಡೆ, ದರದ ಮರುಹೊಂದಾಣಿಕೆ, ರದ್ದತಿ ಇವುಗಳಿಗಾಗಿ ನೀವೇ ಕಂಪನಿಗೆ ಫೋನ್ ಮಾಡಿದರೆ, ನಿಮ್ಮ ಏಜೆಂಟರನ್ನು ಸಂಪರ್ಕಿಸಿ ಎಂಬ ಉತ್ತರ ಬರುತ್ತದೆ. ಆನ್‌ಲೈನ್ ಚೆಕ್-ಇನ್, ಬಂದರುಗಳಲ್ಲಿನ ವಿಹಾರಗಳ ಬುಕಿಂಗ್, ಪಾನೀಯ ಅಥವಾ ಇಂಟರ್‌ನೆಟ್ ಪ್ಯಾಕೇಜುಗಳ ಖರೀದಿಯನ್ನು ಮಾತ್ರ ಕಂಪನಿಯ ಆಪ್‌ನಲ್ಲಿ ನೀವೇ ಮಾಡಿಕೊಳ್ಳಬಹುದು.

ಇದರ ಪರಿಣಾಮ ದರ ಇಳಿದಾಗ ಚೆನ್ನಾಗಿ ಗೊತ್ತಾಗುತ್ತದೆ. ಕ್ರೂಸ್ ದರಗಳು ಬೇಡಿಕೆಗೆ ತಕ್ಕಂತೆ ಏರಿಳಿಯುತ್ತಲೇ ಇರುತ್ತವೆ. ಪೂರ್ತಿ ಹಣ ಕಟ್ಟುವ ಗಡುವಿನೊಳಗೆ ನಿಮ್ಮ ಕ್ಯಾಬಿನ್ ದರ್ಜೆಯ ದರ ಇಳಿದರೆ, ಹಲವು ಕಂಪನಿಗಳು ಕೇಳಿದವರಿಗೆ ಹೊಸ ದರ ಕೊಡುತ್ತವೆ. ಕೇಳದವರಿಗೆ ತಾವಾಗಿ ಕೊಡುವುದಿಲ್ಲ. ಶನಿವಾರ ರಾತ್ರಿ ದರ ಇಳಿದು ಭಾನುವಾರ ಮತ್ತೆ ಏರಿತು ಎಂದಿಟ್ಟುಕೊಳ್ಳಿ. ನೇರ ಬುಕಿಂಗ್ ಮಾಡಿದವರು ಆ ಹೊತ್ತಿಗೇ ಕಂಪನಿಯನ್ನು ಸಂಪರ್ಕಿಸಬಹುದು. ಏಜೆನ್ಸಿಯ ಕಚೇರಿ ಸೋಮವಾರವೇ ತೆರೆಯುವುದಾದರೆ ಆ ಅವಕಾಶ ತಪ್ಪಿತು. ಆದರೆ ಒಳ್ಳೆಯ ಏಜೆಂಟರು ತಮ್ಮ ಗ್ರಾಹಕರ ಎಲ್ಲ ಪ್ರಯಾಣಗಳ ದರವನ್ನೂ ನಿಯಮಿತವಾಗಿ ಪರಿಶೀಲಿಸುತ್ತಿರುತ್ತಾರೆ, ಅಷ್ಟು ಶ್ರದ್ಧೆಯಿಂದ ನೋಡುವ ವ್ಯವಧಾನ ಬಹುತೇಕ ಪ್ರಯಾಣಿಕರಿಗೆ ಇರುವುದಿಲ್ಲ.

ಇಳಿದ ದರ ಯಾವಾಗಲೂ ಲಾಭವಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಹಳೆಯ ಬುಕಿಂಗ್‌ನಲ್ಲಿ ಪಾನೀಯ ಪ್ಯಾಕೇಜ್ ಮತ್ತು ಆನ್‌ಬೋರ್ಡ್ ಕ್ರೆಡಿಟ್ ಉಚಿತವಾಗಿ ಸೇರಿದ್ದು, ಹೊಸ ದರದಲ್ಲಿ ಅವೆರಡೂ ಇಲ್ಲದಿದ್ದರೆ, ಕ್ಯಾಬಿನ್ನಿನಲ್ಲಿ ಉಳಿಸಿದ್ದಕ್ಕಿಂತ ಹೆಚ್ಚಿನದನ್ನು ಹಡಗಿನಲ್ಲಿ ಕೊಡಬೇಕಾಗಬಹುದು. ಹೊಸ ದರಕ್ಕೆ ಒಪ್ಪಿದ ಮೇಲೆ ಹಳೆಯ ಕೊಡುಗೆ ಮರಳಿ ಸಿಗುವುದಿಲ್ಲ. ವೆಬ್‌ಸೈಟಿನ ಗುಂಡಿ ಒತ್ತುವಾಗ ಇದನ್ನು ಎಚ್ಚರಿಸುವವರು ಇರುವುದಿಲ್ಲ.

ಕ್ಯಾಬಿನ್ ಆಯ್ಕೆಯ ಸೂಕ್ಷ್ಮಗಳು

2024ರಲ್ಲಿ ಸಂಚಾರ ಆರಂಭಿಸಿದ ರಾಯಲ್ ಕೆರಿಬಿಯನ್ ಕಂಪನಿಯ ಐಕಾನ್ ಆಫ್ ದಿ ಸೀಸ್ ಹಡಗಿನಲ್ಲಿ 20 ಡೆಕ್‌ಗಳು, ಅಂದರೆ ಮಹಡಿಗಳು, ಇವೆ. ಪ್ರತಿ ಕ್ಯಾಬಿನ್‌ಗೆ ಇಬ್ಬರಂತೆ ಲೆಕ್ಕ ಹಾಕಿದರೆ 5,610 ಪ್ರಯಾಣಿಕರು ಹಿಡಿಯುತ್ತಾರೆ. ಅಷ್ಟು ದೊಡ್ಡ ಹಡಗಿನಲ್ಲಿ ಕಿಟಕಿ ಇಲ್ಲದ ಒಳಗಿನ ಕ್ಯಾಬಿನ್, ಸಮುದ್ರ ಕಾಣುವ ಕ್ಯಾಬಿನ್, ಬಾಲ್ಕನಿ, ಸೂಟ್ ಎಂಬ ನಾಲ್ಕು ಹೆಸರುಗಳಿಂದ ಆಯ್ಕೆ ಮುಗಿಯುವುದಿಲ್ಲ. ಒಂದೇ ದರ್ಜೆಯ ಎರಡು ಕ್ಯಾಬಿನ್‌ಗಳು ಒಂದೇ ಬೆಲೆಗೆ ಸಿಕ್ಕರೂ ಅವುಗಳಲ್ಲಿನ ನಿದ್ದೆ ಒಂದೇ ಆಗಿರುವುದಿಲ್ಲ.

ಡೆಕ್ ನಕ್ಷೆಯನ್ನು ಓದುವುದು ಒಂದು ಕಲೆ. ನಿಮ್ಮ ಕ್ಯಾಬಿನ್ ಇರುವ ಡೆಕ್ಕನ್ನಷ್ಟೇ ನೋಡಿದರೆ ಸಾಲದು, ಅದರ ಮೇಲಿನ ಮತ್ತು ಕೆಳಗಿನ ಡೆಕ್‌ಗಳಲ್ಲಿ ಅದೇ ಜಾಗದಲ್ಲಿ ಏನಿದೆ ಎಂದೂ ನೋಡಬೇಕು. ಮೇಲೆ ಈಜುಕೊಳದ ಡೆಕ್ ಇದ್ದರೆ ನಸುಕಿನಲ್ಲೇ ಕುರ್ಚಿಗಳನ್ನು ಎಳೆಯುವ ಸದ್ದು ಕೇಳಿಸುತ್ತದೆ. ಕೆಳಗೆ ರಂಗಮಂದಿರವಿದ್ದರೆ ರಾತ್ರಿ ಸಂಗೀತದ ಅಬ್ಬರ. ನಕ್ಷೆಯಲ್ಲಿ ಹೆಸರೇ ಇಲ್ಲದೆ ಖಾಲಿ ಬಿಟ್ಟ ಜಾಗಗಳು ಬಹುಮಟ್ಟಿಗೆ ಅಡುಗೆಮನೆ ಅಥವಾ ಸಿಬ್ಬಂದಿಯ ಕೆಲಸದ ಜಾಗಗಳಾಗಿದ್ದು, ಅಲ್ಲಿ ಗಾಡಿ ತಳ್ಳುವ ಸದ್ದು ಇರುತ್ತದೆ. ಕೆಳಗಿನ ಡೆಕ್‌ನ ತೀರ ಮುಂಭಾಗದಲ್ಲಿ, ಬಂದರು ತಲುಪುವಾಗ ಹಡಗನ್ನು ಅಡ್ಡಡ್ಡ ಸರಿಸುವ ಯಂತ್ರಗಳ ನಡುಕ ಹಾಸಿಗೆಯವರೆಗೂ ಬರಬಹುದು. ಸಮುದ್ರ ಹೊಯ್ದಾಡಿದಾಗ ಅಲುಗಾಟ ಕಡಿಮೆ ಇರುವುದು ಹಡಗಿನ ನಡುಭಾಗದಲ್ಲಿ, ಕೆಳಗಿನ ಡೆಕ್‌ಗಳಲ್ಲಿ. ಬಾಲ್ಕನಿ ಎಂದಿದ್ದರೂ ಅದರ ಮುಂದೆಯೇ ಲೈಫ್‌ಬೋಟ್ ತೂಗುಹಾಕಿದ್ದರೆ ಸಮುದ್ರ ಅರ್ಧವಷ್ಟೇ ಕಾಣುತ್ತದೆ.

ಗ್ಯಾರಂಟಿ ಕ್ಯಾಬಿನ್ ಎಂಬ ಪದವನ್ನು ಹಲವರು ತಪ್ಪಾಗಿ ಅರ್ಥ ಮಾಡಿಕೊಳ್ಳುತ್ತಾರೆ. ಇಲ್ಲಿ ಖಾತರಿ ಇರುವುದು ಕ್ಯಾಬಿನ್ ದರ್ಜೆಗೆ ಮಾತ್ರ. ಯಾವ ಡೆಕ್, ಯಾವ ಸಂಖ್ಯೆ ಎಂಬುದನ್ನು ಕಂಪನಿ ತನ್ನ ಅನುಕೂಲ ನೋಡಿಕೊಂಡು ಆಮೇಲೆ ತಿಳಿಸುತ್ತದೆ. ದರ ಕಡಿಮೆ, ಆಯ್ಕೆ ಇಲ್ಲ. ಅಕ್ಕಪಕ್ಕದ ಕ್ಯಾಬಿನ್‌ಗಳೇ ಬೇಕಾದ ಕುಟುಂಬಗಳಿಗೆ ಇದು ಹೊಂದುವುದಿಲ್ಲ. ಅಂತಹ ಕುಟುಂಬಗಳಿಗೆ ಎದುರಾಗುವ ಇನ್ನೊಂದು ಗೊಂದಲವೂ ಇದೆ: ನಾಲ್ಕು ಹಾಸಿಗೆಯ ಕ್ಯಾಬಿನ್ ಖಾಲಿ ಕಾಣುತ್ತಿದ್ದರೂ ವೆಬ್‌ಸೈಟ್ ನಾಲ್ವರಿಗೆ ಬುಕಿಂಗ್ ನಿರಾಕರಿಸುತ್ತದೆ. ಹಡಗಿನ ಆ ಭಾಗಕ್ಕೆ ನಿಗದಿಯಾದ ಲೈಫ್‌ಬೋಟ್‌ಗಳಲ್ಲಿನ ಸ್ಥಳ ಭರ್ತಿಯಾಗಿದ್ದರೆ ಮೂರನೆಯ ಮತ್ತು ನಾಲ್ಕನೆಯ ಪ್ರಯಾಣಿಕರನ್ನು ಸೇರಿಸುವಂತಿಲ್ಲ. ಅನುಭವಿ ಏಜೆಂಟರು ಹಡಗಿನ ಬೇರೆ ಭಾಗದಲ್ಲಿ ಹುಡುಕಿ ನೋಡುತ್ತಾರೆ. ಕಾರಣ ಗೊತ್ತಿದ್ದರೆ ನೀವೂ ಹಾಗೆಯೇ ಹುಡುಕಬಹುದು.

ಹಲವು ಕೊಂಡಿಗಳ ಪ್ರಯಾಣ

ಕ್ರೂಸ್ ಒಂದನ್ನಷ್ಟೇ ಬುಕ್ ಮಾಡುವುದು ಸರಳ. ವಿಮಾನ, ಹೋಟೆಲ್, ವೀಸಾ ಸೇರಿದಾಗ ಒಂದು ಕೊಂಡಿ ಕಳಚಿದರೂ ಉಳಿದವು ಕೈಕೊಡುತ್ತವೆ. ವಿಮಾನ ತಡವಾಯಿತೆಂದು ಹಡಗು ಕಾಯುವುದಿಲ್ಲ, ಆದ್ದರಿಂದ ಹಿಂದಿನ ದಿನವೇ ಆ ಊರು ತಲುಪುವುದು ಕ್ಷೇಮ. ಹಡಗು ಮುಟ್ಟುವ ಪ್ರತಿ ದೇಶದ ವೀಸಾ ನಿಯಮವನ್ನೂ ನೋಡಬೇಕು. ಅದಕ್ಕೆ ಹೊಣೆ ಪ್ರಯಾಣಿಕರದ್ದೇ ಎಂದು ಕಂಪನಿಗಳು ತಮ್ಮ ಷರತ್ತುಗಳಲ್ಲಿ ಬರೆದಿರುತ್ತವೆ.

ಅನುಭವಿಯ ನೆರವು ಎಷ್ಟು ಬೆಲೆಬಾಳುತ್ತದೆ ಎಂಬುದಕ್ಕೆ ಅಮೆರಿಕದ 1886ರ ಪ್ರಯಾಣಿಕ ಹಡಗು ಸೇವಾ ಕಾಯ್ದೆ ಒಳ್ಳೆಯ ಉದಾಹರಣೆ. ಅಮೆರಿಕದ ಒಂದು ಬಂದರಿನಲ್ಲಿ ಹತ್ತಿದ ಪ್ರಯಾಣಿಕರನ್ನು ಆ ದೇಶದ ಇನ್ನೊಂದು ಬಂದರಿನಲ್ಲಿ ಇಳಿಸಬೇಕಾದರೆ, ವಿದೇಶಿ ಹಡಗು ನಡುವೆ ದೂರದ ವಿದೇಶಿ ಬಂದರೊಂದನ್ನು ಮುಟ್ಟಿರಬೇಕು. ಕೆನಡಾ ಮತ್ತು ಮೆಕ್ಸಿಕೊಗಳನ್ನು ಈ ಕಾಯ್ದೆ ದೂರದ ದೇಶಗಳೆಂದು ಪರಿಗಣಿಸುವುದಿಲ್ಲ. ಬಹುತೇಕ ಕ್ರೂಸ್ ಹಡಗುಗಳು ವಿದೇಶಿ ನೋಂದಣಿಯವು. ಲಾಸ್ ಏಂಜಲೀಸ್‌ನಿಂದ ಕೆನಡಾದ ವ್ಯಾಂಕೂವರ್‌ಗೆ ಒಂದು ಪ್ರಯಾಣ, ಅದೇ ಹಡಗಿನಲ್ಲಿ ಕೂಡಲೇ ವ್ಯಾಂಕೂವರ್‌ನಿಂದ ಅಲಾಸ್ಕದ ಸಿವರ್ಡ್‌ಗೆ ಇನ್ನೊಂದು ಪ್ರಯಾಣ ಎಂದು ಒಬ್ಬರು ಬುಕ್ ಮಾಡಿದರೆ, ಎರಡೂ ಬಿಡಿಬಿಡಿಯಾಗಿ ಕಾನೂನುಬದ್ಧ. ಆದರೆ ಜೋಡಿಸಿ ನೋಡಿದರೆ ಅವರು ಅಮೆರಿಕದ ಬಂದರಿನಿಂದ ಅಮೆರಿಕದ ಬಂದರಿಗೇ ಹೋದಂತಾಗುತ್ತದೆ, ಅದು ನಿಷಿದ್ಧ. ಬಿಡಿ ಬುಕಿಂಗ್‌ಗಳನ್ನು ವೆಬ್‌ಸೈಟ್ ಸ್ವೀಕರಿಸಿದರೂ ಆಮೇಲೆ ಕಂಪನಿ ಒಂದನ್ನು ರದ್ದು ಮಾಡಬಹುದು.

ಹಣ ಯಾರ ಖಾತೆಗೆ ಹೋಗುತ್ತದೆ?

ಏಜೆಂಟ್ ಮೂಲಕ ಕಾರ್ಡಿನಲ್ಲಿ ಹಣ ಕಟ್ಟಿದಾಗ ಕಾರ್ಡ್ ಸ್ಟೇಟ್‌ಮೆಂಟಿನಲ್ಲಿ ಯಾರ ಹೆಸರು ಬಂದಿದೆ ಎಂದು ನೋಡಿ. ಹಡಗು ಕಂಪನಿಯ ಹೆಸರಿದ್ದರೆ ಹಣ ನೇರವಾಗಿ ಅಲ್ಲಿಗೇ ಹೋಗಿದೆ. ಏಜೆನ್ಸಿ ಬಾಗಿಲು ಮುಚ್ಚಿದರೂ ಬುಕಿಂಗ್ ಉಳಿಯುತ್ತದೆ. ಏಜೆನ್ಸಿಯ ಹೆಸರಿದ್ದರೆ ಹಣ ಮೊದಲು ಅವರ ಖಾತೆ ಸೇರಿದೆ, ಅವರು ಅದನ್ನು ಕಂಪನಿಗೆ ಕಟ್ಟುವವರೆಗೆ ನೀವು ಅವರ ಆರ್ಥಿಕ ಸ್ಥಿತಿಯನ್ನು ನಂಬಿದ್ದೀರಿ ಎಂದರ್ಥ. ಎರಡನೆಯ ಕ್ರಮ ಅಕ್ರಮವೇನಲ್ಲ, ಹಲವು ದೇಶಗಳಲ್ಲಿ ರೂಢಿಯಲ್ಲಿದೆ. ಆಗ ಹಣಕ್ಕೆ ಯಾವ ರಕ್ಷಣೆ ಇದೆ ಎಂದು ಕೇಳುವುದು ನಿಮ್ಮ ಹಕ್ಕು.

ಬ್ರಿಟನ್ನಿನಲ್ಲಿ ವಿಮಾನ ಸೇರಿದ ಪ್ಯಾಕೇಜುಗಳಿಗೆ 1973ರಲ್ಲಿ ಆರಂಭವಾದ ಅಟಾಲ್ ಎಂಬ ರಕ್ಷಣಾ ಯೋಜನೆ ಇದೆ. 2019ರ ಸೆಪ್ಟೆಂಬರ್ 23ರಂದು ಬ್ರಿಟನ್ನಿನ ಪ್ರವಾಸ ಸಂಸ್ಥೆ ಥಾಮಸ್ ಕುಕ್ ಕುಸಿದಾಗ ವಿದೇಶಗಳಲ್ಲಿ ಸಿಕ್ಕಿಬಿದ್ದ 1,40,000ಕ್ಕೂ ಹೆಚ್ಚು ಜನರನ್ನು ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರ ಮನೆಗೆ ಕರೆತಂದಿತು. ಯುರೋಪಿಯನ್ ಒಕ್ಕೂಟದಲ್ಲಿ 2018ರ ಜುಲೈನಿಂದ ಅನ್ವಯವಾದ ಪ್ಯಾಕೇಜ್ ಪ್ರವಾಸ ನಿಯಮಗಳ ಪ್ರಕಾರ, ವಿಮಾನ ಮತ್ತು ಕ್ರೂಸ್‌ಗಳನ್ನು ಒಂದೇ ಪ್ಯಾಕೇಜಾಗಿ ಜೋಡಿಸಿ ಮಾರಿದವರೇ ಇಡೀ ಪ್ರವಾಸಕ್ಕೆ ಹೊಣೆಗಾರರಾಗುತ್ತಾರೆ. ಅವೆರಡನ್ನೂ ನೀವೇ ಬೇರೆ ಬೇರೆ ಕಡೆ ಕೊಂಡರೆ ಆ ಹೊಣೆ ಯಾರ ಮೇಲೂ ಬೀಳುವುದಿಲ್ಲ.

ನೇರ ಬುಕಿಂಗ್ ಮಾಡಿದರೆ ಈ ಆತಂಕವೇ ಇಲ್ಲ ಎಂದು ತಿಳಿಯಬಾರದು. ಹಡಗು ಕಂಪನಿಯೂ ಮುಳುಗಬಹುದು. 2022ರ ಜನವರಿಯಲ್ಲಿ ಮಾತೃಸಂಸ್ಥೆ ಗೆಂಟಿಂಗ್ ಹಾಂಗ್‌ಕಾಂಗ್ ಆರ್ಥಿಕವಾಗಿ ಕುಸಿದಾಗ ಕ್ರಿಸ್ಟಲ್ ಕ್ರೂಸಸ್ ತನ್ನ ಪ್ರಯಾಣಗಳನ್ನು ನಿಲ್ಲಿಸಿತು. ಇಂಧನದ ಬಾಕಿಗಾಗಿ ಅಮೆರಿಕದ ನ್ಯಾಯಾಲಯ ಹಡಗಿನ ಜಪ್ತಿಗೆ ಆದೇಶ ಹೊರಡಿಸಿದ್ದರಿಂದ ಮಯಾಮಿಗೆ ಬರಬೇಕಿದ್ದ ಕ್ರಿಸ್ಟಲ್ ಸಿಂಫೊನಿ ಬಹಾಮಾಸ್‌ನ ಬಿಮಿನಿಗೆ ತಿರುಗಿತು, ಅದರಲ್ಲಿದ್ದವರು ಬೇರೆ ದೋಣಿಯಲ್ಲಿ ಫ್ಲಾರಿಡಾ ಸೇರಬೇಕಾಯಿತು. ಅಮೆರಿಕದ ಬಂದರುಗಳಿಂದ ಪ್ರಯಾಣಿಕರನ್ನು ಹತ್ತಿಸಿಕೊಳ್ಳುವ, 50 ಅಥವಾ ಅದಕ್ಕಿಂತ ಹೆಚ್ಚು ಹಾಸಿಗೆಗಳ ಹಡಗುಗಳ ಮಾಲೀಕರು ಹಣ ಹಿಂತಿರುಗಿಸುವ ಶಕ್ತಿ ತಮಗಿದೆಯೆಂದು ಅಲ್ಲಿನ ಫೆಡರಲ್ ಮ್ಯಾರಿಟೈಮ್ ಕಮಿಷನ್‌ಗೆ ಮೊದಲೇ ತೋರಿಸಬೇಕೆಂಬ ನಿಯಮ ಇರುವುದು ಇಂತಹ ಸಂದರ್ಭಗಳಿಗಾಗಿಯೇ. ವಿಮೆ ಮಾಡಿಸುವಾಗಲೂ ಇದನ್ನು ನೆನಪಿಡಬೇಕು. ಹಡಗು ಕಂಪನಿ ತಾನೇ ಮಾರುವ ವಿಮೆಯಲ್ಲಿ ಆ ಕಂಪನಿಯ ದಿವಾಳಿತನಕ್ಕೆ ಪರಿಹಾರ ಇರುವುದು ಅಪರೂಪ. ಬೇರೆ ವಿಮಾ ಕಂಪನಿಗಳ ಕೆಲವು ಪಾಲಿಸಿಗಳಲ್ಲಿ ಇರುತ್ತದೆ.

ಗಡುವು ಮತ್ತು ರದ್ದತಿ

ಪೂರ್ತಿ ಹಣ ಕಟ್ಟುವ ಗಡುವು ಸಾಮಾನ್ಯವಾಗಿ ಪ್ರಯಾಣಕ್ಕೆ ಎರಡರಿಂದ ನಾಲ್ಕು ತಿಂಗಳ ಮೊದಲು ಬರುತ್ತದೆ. ಅದರ ನಂತರ ರದ್ದು ಮಾಡಿದರೆ ಕಂಪನಿ ಹಿಡಿದುಕೊಳ್ಳುವ ಭಾಗ ಹಂತಹಂತವಾಗಿ ಏರಿ, ಕೊನೆಯ ದಿನಗಳಲ್ಲಿ ಇಡೀ ದರವನ್ನೇ ನುಂಗುತ್ತದೆ. ಏಜೆನ್ಸಿಗಳು ತಮ್ಮ ಗಡುವನ್ನು ಕಂಪನಿಯ ಗಡುವಿಗಿಂತ ಕೆಲವು ದಿನ ಮುಂಚೆ ಇಡುವುದುಂಟು. ಕೆಲವು ಏಜೆನ್ಸಿಗಳು ಕಂಪನಿಯ ದಂಡದ ಮೇಲೆ ತಮ್ಮದೇ ರದ್ದತಿ ಶುಲ್ಕವನ್ನೂ ಹಾಕುತ್ತವೆ. ಆಗ ಕಂಪನಿ ಒಂದು ಕಾಸನ್ನೂ ಕಡಿತ ಮಾಡದ ಅವಧಿಯಲ್ಲೂ ಏಜೆಂಟ್ ಮೂಲಕ ಬುಕ್ ಮಾಡಿದವರ ಹಣ ಕಡಿತವಾಗುತ್ತದೆ. ಈ ಶುಲ್ಕದ ವಿವರ ಏಜೆನ್ಸಿಯ ಷರತ್ತುಗಳಲ್ಲಿ ಇರುತ್ತದೆಯೇ ಹೊರತು ಹಡಗು ಕಂಪನಿಯ ಷರತ್ತುಗಳಲ್ಲಿ ಸಿಗುವುದಿಲ್ಲ.

ಯಾರಿಗೆ ಯಾವುದು ಹೊಂದುತ್ತದೆ?

ಹಡಗು, ಡೆಕ್, ಕ್ಯಾಬಿನ್ ಸಂಖ್ಯೆಯವರೆಗೆ ಏನು ಬೇಕೆಂದು ಗೊತ್ತಿರುವ, ದರದ ಮೇಲೆ ತಾವೇ ಕಣ್ಣಿಡಬಲ್ಲ, ಬೇಕೆನಿಸಿದಾಗ ತಾವೇ ಬದಲಾವಣೆ ಮಾಡಿಕೊಳ್ಳಲು ಬಯಸುವವರಿಗೆ ನೇರ ಬುಕಿಂಗ್ ಅನುಕೂಲ. ಮೊದಲ ಬಾರಿ ಹೋಗುವವರು, ಹಲವು ಕುಟುಂಬಗಳು ಸೇರಿ ಹೊರಡುವವರು, ಗಾಲಿಕುರ್ಚಿ ಬಳಸುವವರಿಗಾಗಿ ರೂಪಿಸಿದ ಕ್ಯಾಬಿನ್ ಬೇಕಾದವರು, ದುಬಾರಿ ಹಾಗೂ ದೀರ್ಘ ಪ್ರಯಾಣ ಕೈಗೊಳ್ಳುವವರು ಒಳ್ಳೆಯ ಏಜೆಂಟರಿಂದ ಪಡೆಯುವ ಲಾಭ ದೊಡ್ಡದು ಎಂದೇ ನನ್ನ ಅಭಿಪ್ರಾಯ. ಒಳ್ಳೆಯ ಎಂಬ ಮಾತಿಗೆ ಇಲ್ಲಿ ಒತ್ತು ಕೊಡುತ್ತೇನೆ, ಏಕೆಂದರೆ ಉದಾಸೀನ ಏಜೆಂಟರ ಕೈಗೆ ಬುಕಿಂಗ್ ಸಿಕ್ಕರೆ ನೀವು ನೇರವಾಗಿ ಮಾಡಬಹುದಾದ ಕೆಲಸಕ್ಕೂ ಅವರ ಫೋನಿಗಾಗಿ ಕಾಯಬೇಕಾಗುತ್ತದೆ. ಆ ಹಡಗಿನಲ್ಲಿ ಅಥವಾ ಆ ಕಂಪನಿಯಲ್ಲಿ ಪ್ರಯಾಣಿಸಿದ್ದೀರಾ, ರಜಾ ದಿನಗಳಲ್ಲಿ ಯಾರನ್ನು ಸಂಪರ್ಕಿಸಬೇಕು, ದರ ಇಳಿದರೆ ನೀವೇ ಗಮನಿಸುತ್ತೀರಾ, ನಿಮ್ಮ ಶುಲ್ಕಗಳೇನು, ಕಾರ್ಡಿನಲ್ಲಿ ಯಾರ ಹೆಸರು ಬರುತ್ತದೆ ಎಂದು ಆರಂಭದಲ್ಲೇ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ.

ಈಗಾಗಲೇ ನೇರವಾಗಿ ಬುಕ್ ಮಾಡಿದವರಿಗೂ ಒಂದು ಅವಕಾಶವಿದೆ. ಪೂರ್ತಿ ಹಣ ಕಟ್ಟಿರದಿದ್ದರೆ, ಬುಕ್ ಮಾಡಿದ ನಿಗದಿತ ದಿನಗಳೊಳಗೆ ಅದನ್ನು ಏಜೆನ್ಸಿಗೆ ವರ್ಗಾಯಿಸಲು ಹಲವು ಕಂಪನಿಗಳು ಬಿಡುತ್ತವೆ; ಪ್ರಯಾಣಿಕರು ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರೆ ಆಯಿತು. ಏಜೆನ್ಸಿಯಿಂದ ಕಂಪನಿಗೆ ಮರಳಿಸುವುದು ಇದಕ್ಕಿಂತ ಕಷ್ಟ, ಹಲವು ವೇಳೆ ಏಜೆನ್ಸಿಯ ಒಪ್ಪಿಗೆಯೇ ಬೇಕಾಗುತ್ತದೆ. ಹಡಗಿನಲ್ಲಿರುವಾಗಲೇ ಮುಂದಿನ ಕ್ರೂಸ್‌ಗೆ ಮುಂಗಡ ಕೊಡುವವರು ಅಲ್ಲಿನ ಕೌಂಟರಿನಲ್ಲಿಯೇ ಏಜೆನ್ಸಿಯ ಹೆಸರನ್ನು ಬರೆಸಬಹುದು. ಕೆಲವು ಕಂಪನಿಗಳಲ್ಲಿ ಅದು ಈಗಿನ ಪ್ರಯಾಣವನ್ನು ಮಾಡಿಸಿದ ಏಜೆನ್ಸಿಗೆ ತಾನಾಗಿಯೇ ಸೇರಿಬಿಡುತ್ತದೆ, ಹಾಗಾಗಿ ಏಜೆಂಟರನ್ನು ಬದಲಿಸಬೇಕೆಂದಿದ್ದವರು ರಸೀದಿಯ ಮೇಲೆ ಯಾರ ಹೆಸರಿದೆ ಎಂದು ಕೌಂಟರ್ ಬಿಡುವ ಮೊದಲೇ ನೋಡಿಕೊಳ್ಳಬೇಕು.